‘ಸೀಯಿಂಗ್ ರೆಡ್’ ಮತ್ತು ಟಾರಾಳ ಸಾವು: ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾಂಪೈರ್‌ಗಳನ್ನು, ಅಂದರೆ ರಕ್ತ ಹೀರುವ ಪಿಶಾಚಿಗಳನ್ನು, ಬೇಟೆಯಾಡುವ ಬಫಿ ಎಂಬ ಹುಡುಗಿಯ ಕಥೆಯಾದ ಅಮೆರಿಕದ ಟಿವಿ ಸರಣಿ ‘ಬಫಿ ದ ವ್ಯಾಂಪೈರ್ ಸ್ಲೇಯರ್’ ನೋಡುತ್ತಾ 6ನೇ ಸೀಸನ್ನಿನ ಕೊನೆಗೆ ಬಂದವರು ‘ಸೀಯಿಂಗ್ ರೆಡ್’ ಎಂಬ ಕಂತಿನ ಮುಂದೆ ತಡೆದು ನಿಲ್ಲುತ್ತಾರೆ. ಆಮೇಲೆ ಹೆಚ್ಚುಕಮ್ಮಿ ಎಲ್ಲರದ್ದೂ ಅದೇ ಪ್ರಶ್ನೆಗಳು: ಹೀಗೇಕೆ ಮಾಡಿದರು, ಆಗಿನ ಅಭಿಮಾನಿಗಳು ಏನೆಂದರು, ಮುಂದೆ ನೋಡಬೇಕೋ ಬೇಡವೋ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಸರಣಿಯ ಕೊನೆಯವರೆಗಿನ ಕಥೆಯ ಗುಟ್ಟುಗಳು ಇದರಲ್ಲಿ ಬರುತ್ತವೆ. ನೀವಿನ್ನೂ 6ನೇ ಸೀಸನ್ ಮುಗಿಸಿಲ್ಲವಾದರೆ 2ನೇ ಮತ್ತು 3ನೇ ಪ್ರಶ್ನೆಯನ್ನಷ್ಟೇ ಓದಿ. ಟಾರಾಳ ಹೆಸರು ಶೀರ್ಷಿಕೆಯಲ್ಲೇ ಇದೆ, ಅದನ್ನು ಮುಚ್ಚಿಡಲು ದಾರಿ ಇರಲಿಲ್ಲ.

1. ಯಾವ ಕಂತು ಇದು? ಏನಾಗುತ್ತದೆ?

6ನೇ ಸೀಸನ್ನಿನ 19ನೇ ಕಂತು. ಅಮೆರಿಕದ ಯುಪಿಎನ್ ವಾಹಿನಿಯಲ್ಲಿ 2002ರ ಮೇ 7ರಂದು ಪ್ರಸಾರವಾಯಿತು. ಬರೆದವರು ಸ್ಟೀವನ್ ಡಿನೈಟ್, ನಿರ್ದೇಶಿಸಿದವರು ಅದೇ ಸರಣಿಯ ಛಾಯಾಗ್ರಾಹಕರಾಗಿದ್ದ ಮೈಕೇಲ್ ಗರ್ಶ್‌ಮನ್. ಸರಣಿಯ ಸೃಷ್ಟಿಕರ್ತ ಜಾಸ್ ವೀಡನ್. ಆದರೆ ಆ ವರ್ಷ ದಿನನಿತ್ಯದ ಹೊಣೆ ಹೊತ್ತಿದ್ದವರು ಮಾರ್ಟಿ ನಾಕ್ಸನ್.

ಹಿಂದಿನ ಕಂತಿನ ಕೊನೆಯಲ್ಲಿ ಮಾಟಗಾತಿಯರಾದ ವಿಲೋ ಮತ್ತು ಟಾರಾ ತಿಂಗಳುಗಳ ಮುನಿಸಿನ ನಂತರ ಒಂದಾಗಿರುತ್ತಾರೆ. ಈ ಕಂತಿನ ಬಹುಪಾಲು ಅವರಿಬ್ಬರೂ ಮಲಗುವ ಕೋಣೆಯಲ್ಲಿ ನೆಮ್ಮದಿಯಿಂದಿದ್ದಾರೆ. ಇನ್ನೊಂದು ಕಡೆ ವಾರೆನ್, ಜೊನಾಥನ್, ಆಂಡ್ರೂ ಎಂಬ ಮೂವರ ಗುಂಪಿಗೆ ಮೈಯಲ್ಲಿ ಅಮಾನುಷ ಬಲ ತುಂಬುವ ಎರಡು ಗೋಳಗಳು ಸಿಗುತ್ತವೆ. ಬಫಿ ಅವನ್ನು ಒಡೆದು ಹಾಕುತ್ತಾಳೆ, ವಾರೆನ್ ತಪ್ಪಿಸಿಕೊಳ್ಳುತ್ತಾನೆ. ಈ ನಡುವೆ ಸ್ಪೈಕ್ ಎಂಬ ವ್ಯಾಂಪೈರ್ ಬಫಿಯ ಮನೆಗೆ ನುಗ್ಗಿ ಸ್ನಾನದ ಕೋಣೆಯಲ್ಲಿ ಅವಳ ಮೇಲೆ ಅತ್ಯಾಚಾರಕ್ಕೆ ಯತ್ನಿಸುತ್ತಾನೆ. ಅವಳು ಒದ್ದು ಬಿಡಿಸಿಕೊಳ್ಳುತ್ತಾಳೆ. ಕೊನೆಯ ದೃಶ್ಯದಲ್ಲಿ ವಾರೆನ್ ಪಿಸ್ತೂಲು ಹಿಡಿದು ಹಿತ್ತಿಲಿಗೆ ಬಂದು ಬಫಿಗೆ ಗುಂಡು ಹೊಡೆಯುತ್ತಾನೆ. ಗುರಿಯಿಲ್ಲದ ಒಂದು ಗುಂಡು ಮಹಡಿಯ ಕಿಟಕಿ ಒಡೆದು ಟಾರಾಳ ಎದೆಯನ್ನು ಹಾಯುತ್ತದೆ. ಎದುರಿಗೆ ನಿಂತ ವಿಲೋಳ ಅಂಗಿಯ ಮೇಲೆ ರಕ್ತ ಚಿಮ್ಮಿದೆ. ‘ನಿನ್ನ ಅಂಗಿ...’ ಎನ್ನುವುದೇ ಟಾರಾಳ ಕೊನೆಯ ಮಾತು. ವಿಲೋಳ ಕಣ್ಣು ಕೆಂಪಾಗುತ್ತದೆ. ಕಂತು ಅಲ್ಲಿಗೆ ಮುಗಿಯುತ್ತದೆ.

2. ನೋಡುವ ಮೊದಲು ಏನಾದರೂ ಗೊತ್ತಿರಬೇಕೇ? ಕೆಲವು ಭಾಗ ಬಿಟ್ಟು ನೋಡಬಹುದೇ?

ಬಿಟ್ಟು ನೋಡಬಹುದು. ಬಿಟ್ಟರೆ ಕಥೆ ಅರ್ಥವಾಗದೆ ಹೋಗುವುದಿಲ್ಲ. ಈ ಕಂತಿನಲ್ಲಿ ಇಬ್ಬಗೆಯ ಕಷ್ಟವಿದೆ. ಒಂದು ಲೈಂಗಿಕ ದೌರ್ಜನ್ಯದ ದೃಶ್ಯ, ಇನ್ನೊಂದು ಕೊನೆಯಲ್ಲಿ ಗುಂಡೇಟು. ಮೊದಲನೆಯದರಲ್ಲಿ ಹಿನ್ನೆಲೆ ಸಂಗೀತವಿಲ್ಲ, ಕೋಣೆ ಬೆಳ್ಳಗೆ ಬೆಳಗುತ್ತಿರುತ್ತದೆ, ಬೇಗ ಮುಗಿಯುವುದೂ ಇಲ್ಲ. ಆದ್ದರಿಂದ ಸರಣಿಯ ಉಳಿದ ಹೊಡೆದಾಟಗಳಿಗೆ ಒಗ್ಗಿಹೋದವರಿಗೂ ಅದು ಬೇರೆಯದೇ ಪೆಟ್ಟು. ಬಫಿ ನಿಲುವಂಗಿ ತೊಟ್ಟು ಸ್ನಾನಕ್ಕೆ ನೀರು ಬಿಡುವುದು ಕಂಡ ಕೂಡಲೇ ಮುಂದಕ್ಕೆ ಓಡಿಸಿ, ಅವಳ ಸ್ನೇಹಿತ ಝ್ಯಾಂಡರ್ ಅವಳ ಮನೆಯೊಳಗೆ ಬರುವಲ್ಲಿಂದ ಮತ್ತೆ ನೋಡಿ. ನಿಮಗೆ ತಿಳಿದಿರಬೇಕಾದದ್ದು ಇಷ್ಟೆ: ಸ್ಪೈಕ್ ಮಾಡಿದ್ದು ಘೋರ ತಪ್ಪು, ಅದರ ನಂತರ ಅವನು ಊರು ಬಿಡುತ್ತಾನೆ.

ಮುಂದಿನ ಕಂತು ‘ವಿಲನ್ಸ್’ನ ಕೊನೆಯ ಕೆಲವು ನಿಮಿಷ ಇದಕ್ಕಿಂತ ರಕ್ತಸಿಕ್ತ. ವಿಲೋ ಕಾಡಿನಲ್ಲಿ ಒಬ್ಬನನ್ನು ಕಟ್ಟಿಹಾಕಿದ ದೃಶ್ಯ ಬಂದಾಗ ಅಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

3. ಈ ಒಂದೇ ಕಂತು ನೋಡಿದರೆ ಸಾಲದೇ?

ಸಾಲದು. ಒಂದನ್ನೇ ನೋಡಿದವರಿಗೆ ಇದು ಒಂದು ಸಾವಿನ ಕಂತು, ಅಷ್ಟೆ. ಅಭಿಮಾನಿಗಳು ಅತ್ತದ್ದು ಎರಡೂವರೆ ವರ್ಷ ಕಟ್ಟಿದ್ದು ಕುಸಿದಾಗ. ಪೂರ್ತಿ 144 ಕಂತಿಗೆ ಪುರಸೊತ್ತಿಲ್ಲದಿದ್ದರೆ ಹೀಗೆ ಮಾಡಿ. 4ನೇ ಸೀಸನ್ನಿನಲ್ಲಿ 10, 15, 16, 19. 5ರಲ್ಲಿ 6, 16, 19, 22. 6ರಲ್ಲಿ 1, 2, 7, 8, 13, 18, ಆಮೇಲೆ 19ರಿಂದ 22. ಒಟ್ಟು 18 ಕಂತು, ಹೆಚ್ಚುಕಮ್ಮಿ 13 ಗಂಟೆ. 4ನೇ ಸೀಸನ್ನಿನ 10 ಅಂದರೆ ‘ಹಶ್’, ಟಾರಾ ಮೊದಲು ಕಾಣಿಸಿಕೊಳ್ಳುವ ಕಂತು, 1999ರ ಡಿಸೆಂಬರ್ 14ರದ್ದು. 5ರ 16 ‘ದ ಬಾಡಿ’, ಅದೂ ಸಾವಿನದೇ ಕಂತು, ಅದನ್ನು ಮಾತ್ರ ಬಿಡಬೇಡಿ. 6ರ 8ನೇ ಕಂತನ್ನೂ ಬಿಡಬಾರದು. ವಿಲೋ ಟಾರಾಳ ನೆನಪನ್ನೇ ಮಂತ್ರ ಹಾಕಿ ಅಳಿಸಿದ್ದಕ್ಕೆ ಟಾರಾ ಮನೆ ಬಿಟ್ಟು ಹೋಗುವುದು ಅಲ್ಲಿ. ಅದನ್ನು ನೋಡದಿದ್ದರೆ 18ರ ಕೊನೆಯಲ್ಲಿ ಅವಳು ಬಾಗಿಲಲ್ಲಿ ಬಂದು ನಿಲ್ಲುವುದರ ತೂಕ ತಿಳಿಯುವುದಿಲ್ಲ.

19ನೇ ಕಂತು ನೋಡುವಾಗ ‘ಸ್ಕಿಪ್ ಇಂಟ್ರೋ’ ಒತ್ತಬೇಡಿ. ಯಾಕೆಂದು 5ನೇ ಪ್ರಶ್ನೆಯಲ್ಲಿದೆ. ಈಗಲೇ ಓದಬೇಡಿ.

4. ಈ ಸರಣಿಯಲ್ಲಿ ಎಷ್ಟೋ ಜನ ಸತ್ತಿದ್ದಾರೆ. ಟಾರಾಳಿಗೇ ಯಾಕೆ ಇಷ್ಟು ಸಿಟ್ಟು?

ಇದೇ ಮುಖ್ಯ ಪ್ರಶ್ನೆ.

ಹೌದು, 1998ರಲ್ಲಿ ಶಿಕ್ಷಕಿ ಜೆನ್ನಿ ಕ್ಯಾಲೆಂಡರ್‌ಳ ಕತ್ತು ಮುರಿದರು. ಅದೇ ವರ್ಷ ಬಫಿ ತನ್ನ ಕೈಯಾರೆ ಪ್ರಿಯಕರ ಏಂಜೆಲ್‌ನನ್ನು ನರಕಕ್ಕೆ ತಳ್ಳಿದಳು. 2001ರಲ್ಲಿ ಬಫಿಯ ತಾಯಿ ಜಾಯ್ಸ್ ಮಿದುಳಿನ ರಕ್ತನಾಳ ಒಡೆದು ಸೋಫಾದ ಮೇಲೆ ಸತ್ತಳು. ಇಲ್ಲಿ ಯಾವ ಜೋಡಿಯೂ ಬಹುಕಾಲ ಸುಖವಾಗಿ ಬಾಳಿದ್ದಿಲ್ಲ. ಕಂತನ್ನು ಸಮರ್ಥಿಸುವವರು ಇದನ್ನೇ ಹೇಳುತ್ತಾರೆ: ಗಂಡು ಹೆಣ್ಣಿನ ಜೋಡಿಗೆ ಆಗುವುದು ಇವರಿಗೂ ಆಯಿತು, ಇದು ಸಮಾನತೆಯೇ ತಾನೆ? ಪ್ರಾಮಾಣಿಕ ವಾದ. ಆದರೆ ಅದು ಸರಣಿಯ ಒಳಗಿನ ಲೆಕ್ಕವನ್ನು ಮಾತ್ರ ನೋಡುತ್ತದೆ.

ಹೊರಗಿನ ಲೆಕ್ಕ ಬೇರೆ ಇದೆ. ಅಮೆರಿಕದ ಸಿನಿಮಾಗಳಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದು 1968ರವರೆಗೆ ಉಳಿದ ಹೇಸ್ ಸಂಹಿತೆ ಸಲಿಂಗ ಪ್ರೇಮವನ್ನು ತೋರಿಸುವುದನ್ನೇ ನಿಷೇಧಿಸಿತ್ತು. 1961ರಲ್ಲಿ ಸ್ವಲ್ಪ ಸಡಿಲವಾದಾಗಲೂ ಅಂಥ ಪಾತ್ರಗಳ ಪಾಲಿಗೆ ಬಂದದ್ದು ಬಹುಮಟ್ಟಿಗೆ ಆತ್ಮಹತ್ಯೆ, ಹುಚ್ಚು, ಕೊಲೆ. 1950ರ ದಶಕದ ಅಗ್ಗದ ಕಾದಂಬರಿಗಳಲ್ಲೂ ಅದೇ. ಇಬ್ಬರು ಹೆಂಗಸರು ಕೊನೆಯಲ್ಲಿ ಸುಖವಾಗಿದ್ದರೆ ಅಂಚೆ ಇಲಾಖೆ ಅಶ್ಲೀಲವೆಂದು ಪುಸ್ತಕ ತಡೆದೀತೆಂಬ ಭಯ ಪ್ರಕಾಶಕರಿಗಿತ್ತು. ಹಾಗಾಗಿ ಒಬ್ಬಳು ಸಾಯಬೇಕು, ಇನ್ನೊಬ್ಬಳಿಗೆ ಹುಚ್ಚು ಹಿಡಿಯಬೇಕು. ಅಭಿಮಾನಿಗಳು ಇದಕ್ಕೆ ‘ಬೆರಿ ಯುವರ್ ಗೇಸ್’ (ನಿಮ್ಮ ಸಲಿಂಗಿಗಳನ್ನು ಹೂಳಿ) ಎನ್ನುತ್ತಾರೆ. 2002ರಲ್ಲಿ ಅವರು ಹೆಚ್ಚು ಬಳಸಿದ ಮಾತು ‘ಸತ್ತ ಲೆಸ್ಬಿಯನ್, ಕೆಟ್ಟ ಲೆಸ್ಬಿಯನ್’ ಸವಕಲು ಸೂತ್ರ ಎಂಬುದು. ಸೂತ್ರದಲ್ಲಿ ಎರಡು ಅರ್ಧಗಳಿವೆ ಅನ್ನುವುದನ್ನು ಗಮನಿಸಿ. ಟಾರಾ ಮೊದಲ ಅರ್ಧ. ಮುಂದಿನ ಕಂತಿನಲ್ಲೇ ಕೊಲೆಗಾರ್ತಿಯಾಗಿ, ಸೀಸನ್ನಿನ ಕೊನೆಯ ಕಂತಿನಲ್ಲಿ ಲೋಕವನ್ನೇ ಸುಡಹೊರಟ ವಿಲೋ ಎರಡನೆಯದು. ಸೂತ್ರವನ್ನು ಬಲ್ಲವರಿಗೆ ಅದು ಅಕ್ಷರ ಅಕ್ಷರ ಕಂಡಿತು.

ಇನ್ನೂ ಆಳದ ಒಂದು ಕಾರಣವಿದೆ. ನಮ್ಮ ಮಟ್ಟಿಗೆ ಅದೇ ದೊಡ್ಡದು. 4ನೇ ಸೀಸನ್ನಿನಲ್ಲಿ, ಆಗಿನ ದ ಡಬ್ಲ್ಯುಬಿ ವಾಹಿನಿಯಲ್ಲಿ, ಇಬ್ಬರು ಹುಡುಗಿಯರ ಪ್ರೀತಿಯನ್ನು ನೇರವಾಗಿ ತೋರಿಸುವ ಬದಲು ಬರಹಗಾರರು ಮಾಟವನ್ನು ರೂಪಕವಾಗಿ ಇಟ್ಟರು. ಕೈ ಕೈ ಹಿಡಿದು ಮಾಡಿದ ಮಂತ್ರವೇ ಅವರ ಮೊದಲ ಸ್ಪರ್ಶ. 16ನೇ ಕಂತಿನ ಮಂತ್ರದ ದೃಶ್ಯ ನೋಡಿದವರಾರಿಗೂ ಅದೇನೆಂದು ಬಿಡಿಸಿ ಹೇಳಬೇಕಿಲ್ಲ. ತೆರೆಯ ಮೇಲೆ ಮೊದಲ ಮುತ್ತು ಬಂದದ್ದು 2001ರ ಫೆಬ್ರುವರಿ 27ರಂದು, ‘ದ ಬಾಡಿ’ಯಲ್ಲಿ. ಅಲ್ಲಿಯವರೆಗೆ ನೋಡುಗರು ‘ಮಾಟ’ ಎಂದಲ್ಲೆಲ್ಲ ‘ಪ್ರೀತಿ’ ಎಂದು ಓದಲು ಕಲಿತಿದ್ದರು. ಆಮೇಲೆ 6ನೇ ಸೀಸನ್ನಿನಲ್ಲಿ ಅದೇ ಮಾಟವನ್ನು ಮಾದಕ ವಸ್ತುವಿನ ಚಟವಾಗಿ ಬದಲಿಸಿದರು. ಅದನ್ನು ಉಣಿಸುವ ದಲ್ಲಾಳಿ ಬಂದ, ಬಿಟ್ಟಾಗ ಕೈ ನಡುಗುವುದೂ ಬಂತು. ಬರಹಗಾರರು ರೂಪಕ ಬದಲಿಸಿದರು, ಆದರೆ ನೋಡುಗರಿಗೆ ಕಲಿಸಿದ ಓದು ಅಳಿಯಲಿಲ್ಲ. ಹಾಸಿಗೆಯಲ್ಲಿದ್ದ ಇಬ್ಬರಲ್ಲಿ ಒಬ್ಬಳು ಸತ್ತು, ಇನ್ನೊಬ್ಬಳು ಮಾಟವನ್ನು ಮೈತುಂಬ ಕುಡಿದು ರಾಕ್ಷಸಿಯಾದಾಗ, ಹಳೆಯ ಓದಿನ ಪ್ರಕಾರ ಕಥೆ ಹೇಳಿದ್ದೇನು? ಈ ಪ್ರೀತಿ ಕೊನೆಗೆ ಇಲ್ಲಿಗೇ ಬರುತ್ತದೆ ಎಂದು. ಬರಹಗಾರರಿಗೆ ಆ ಉದ್ದೇಶ ಇರಲಿಲ್ಲವೆಂದು ಒಪ್ಪುತ್ತೇವೆ. ಕಟ್ಟಡ ವಾಲಿದ್ದಕ್ಕೆ ಮೇಸ್ತ್ರಿಯ ಉದ್ದೇಶ ಕೇಳಿ ಪ್ರಯೋಜನವಿಲ್ಲ.

ಅಭಿಮಾನಿಗಳ ಸಿಟ್ಟನ್ನು ‘ಇಷ್ಟದ ಪಾತ್ರ ಸತ್ತಿತೆಂದು ಅತ್ತರು’ ಎಂದು ತಳ್ಳಿಹಾಕುವುದನ್ನು ನಾವು ಒಪ್ಪದಿರುವುದು ಇದಕ್ಕೇ. ಅವರು ಕಥೆಯನ್ನು ಬರಹಗಾರರಿಗಿಂತ ಹತ್ತಿರದಿಂದ ಓದಿದ್ದರು.

5. ಟೈಟಲ್‌ನಲ್ಲಿ ಏನೋ ಮೋಸ ಇದೆ ಅನ್ನುತ್ತಾರಲ್ಲ?

ಟಾರಾಳ ಪಾತ್ರ ಮಾಡಿದ ಆಂಬರ್ ಬೆನ್ಸನ್ ಮೂರು ಸೀಸನ್ ಅತಿಥಿ ಕಲಾವಿದೆಯಾಗಿಯೇ ಇದ್ದರು. ‘ಸೀಯಿಂಗ್ ರೆಡ್’ನ ಆರಂಭದ ಟೈಟಲ್‌ನಲ್ಲಿ ಮೊದಲ ಸಲ ಮುಖ್ಯ ತಾರಾಗಣದೊಂದಿಗೆ ಅವರ ಹೆಸರೂ ಮುಖವೂ ಬಂತು. ಆ ಒಂದೇ ಕಂತಿನಲ್ಲಿ. ಅಂತೂ ಟಾರಾ ಮನೆಯವಳಾದಳು ಎಂದು ಜನ ಹಿಗ್ಗಿದರು. ಸುಮಾರು 40 ನಿಮಿಷದ ನಂತರ ಅವಳು ನೆಲದ ಮೇಲಿದ್ದಳು. ವೀಡನ್‌ಗೆ ಇದು ಹಳೆಯ ಆಸೆ. 1997ರ ಮೊದಲ ಕಂತಿನಲ್ಲೇ ಜೆಸ್ಸಿ ಎಂಬ ಪಾತ್ರವನ್ನು ಟೈಟಲ್‌ಗೆ ಸೇರಿಸಿ ಕೊಲ್ಲಬೇಕೆಂದಿದ್ದರು, ಇನ್ನೊಂದು ಟೈಟಲ್ ಮಾಡಿಸಲು ಆಗ ಹಣವಿರಲಿಲ್ಲ. ಕಸುಬಿನ ದೃಷ್ಟಿಯಿಂದ ಜಾಣ ತಂತ್ರ. ಆದರೆ ಜೆಸ್ಸಿಯ ಮೇಲೆ ಮಾಡಿದರೆ ಅದು ಬರೀ ಅಚ್ಚರಿ. ತಮ್ಮಂಥವರನ್ನು ತೆರೆಯ ಮೇಲೆ ಕಾಣಲು ಕಾದಿದ್ದವರ ಎದುರು ಮಾಡಿದ್ದು ಗಾಯದ ಮೇಲೆ ಬರೆ.

6. ಬಫಿಯನ್ನೇ ಸಾವಿನಿಂದ ಎಬ್ಬಿಸಿದ ವಿಲೋಗೆ ಟಾರಾಳನ್ನು ಎಬ್ಬಿಸಲು ಆಗಲಿಲ್ಲವೇ?

ನಿಯಮವನ್ನು ‘ವಿಲನ್ಸ್’ನ ಮೊದಲ ದೃಶ್ಯದಲ್ಲೇ ಹೇಳುತ್ತಾರೆ. ಬಫಿ ಸತ್ತದ್ದು 5ನೇ ಸೀಸನ್ನಿನ ಕೊನೆಯಲ್ಲಿ, ಲೋಕಗಳ ನಡುವೆ ತೆರೆದ ಬಾಗಿಲಿಗೆ ಹಾರಿ. ಅದು ಅತೀಂದ್ರಿಯ ಸಾವು, ಹಾಗಾಗಿ ಸತ್ತವರ ಲೋಕದ ದೇವರಾದ ಓಸಿರಿಸ್‌ನನ್ನು ಕರೆದು ಹಿಂತಿರುಗಿಸಲು ಸಾಧ್ಯವಾಯಿತು. ಟಾರಾಳದ್ದು ಮನುಷ್ಯನ ಕೈಯಿಂದ, ಮನುಷ್ಯ ಮಾಡಿದ ಆಯುಧದಿಂದ ಆದ ಸಾವು. ಓಸಿರಿಸ್ ಒಪ್ಪುವುದಿಲ್ಲ.

7. ಪಿಶಾಚಿ, ರಾಕ್ಷಸರ ಕಥೆಯಲ್ಲಿ ಪಿಸ್ತೂಲು ಯಾಕೆ?

ಆ ವರ್ಷದ ಖಳರು ರಾಕ್ಷಸರಲ್ಲ, ಮನೆಯ ನೆಲಮಾಳಿಗೆಯಲ್ಲಿ ಕೂತು ಬೊಂಬೆ ಜೋಡಿಸುವ ಹುಡುಗರು. ವಾರೆನ್ 13ನೇ ಕಂತಿನಲ್ಲಿ ತನ್ನ ಹಳೆಯ ಗೆಳತಿ ಕತ್ರೀನಾಳ ಮನಸ್ಸನ್ನು ಯಂತ್ರದಿಂದ ವಶಪಡಿಸಿಕೊಂಡು ಕೊನೆಗೆ ಕೊಂದಿರುತ್ತಾನೆ. ಹೆಂಗಸರು ತನಗೆ ಬಾಗಬೇಕೆಂಬ ಅವನ ಹಟ ಅಲ್ಲಿಂದ ಪಿಸ್ತೂಲಿನವರೆಗೆ ನೇರ ಗೆರೆ. ಬಂದೂಕು ಅಪರೂಪವಾದ ಸರಣಿಯಲ್ಲಿ ಅದು ಬಂದಾಗ ಯಾವ ಮಂತ್ರವೂ ಉಪಯೋಗಕ್ಕೆ ಬರುವುದಿಲ್ಲ. ಈ ಕಂತಿನಲ್ಲಿ ನಮಗೆ ಪೂರ್ತಿ ಒಪ್ಪಿಗೆಯಾಗುವ ಭಾಗ ಇದೊಂದೇ.

8. ಸ್ಪೈಕ್‌ನ ದೃಶ್ಯಕ್ಕೆ ಅಭಿಮಾನಿಗಳು ಏನೆಂದರು?

ಮೂರು ಕಡೆಗೆ ಹರಿದುಹೋದರು. ಅವನನ್ನು ಎರಡು ವರ್ಷ ಬೆಳೆಸಿ ಒಂದೇ ದೃಶ್ಯದಲ್ಲಿ ಕೆಡವಿದರು ಎಂದರು ಒಂದು ಗುಂಪಿನವರು. ಆತ್ಮವಿಲ್ಲದ ವ್ಯಾಂಪೈರ್ ಯಾವತ್ತೂ ಹೀಗೆಯೇ, ನೀವೇ ಮರೆತಿರಿ ಎಂದರು ಇನ್ನೊಬ್ಬರು. ಮೂರನೆಯವರ ಮಾತು ನಮಗೆ ಹೆಚ್ಚು ಸರಿಯೆನಿಸುತ್ತದೆ: ಪೆಟ್ಟು ತಿಂದವಳು ಬಫಿ, ಆದರೆ ಆಮೇಲಿನ ಕಥೆ ಅವನ ಪಶ್ಚಾತ್ತಾಪದ್ದಾಯಿತು. ಆಫ್ರಿಕಾಕ್ಕೆ ಹೋಗಿ ಪರೀಕ್ಷೆಗಳನ್ನು ಗೆದ್ದು ಅವನು ಆತ್ಮ ಪಡೆಯುವುದರೊಂದಿಗೆ ಸೀಸನ್ ಮುಗಿಯುತ್ತದೆ. ಅವಳ ನೋವು ಅವನ ಮೆಟ್ಟಿಲಾಯಿತು. ಆ ದೃಶ್ಯದ ಚಿತ್ರೀಕರಣ ತಮ್ಮನ್ನು ಬಹಳ ಕಾಡಿತೆಂದು ನಟ ಜೇಮ್ಸ್ ಮಾರ್ಸ್ಟರ್ಸ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ.

9. ಇಷ್ಟೆಲ್ಲ ಕತ್ತಲೆ ಒಂದೇ ತಿಂಗಳಲ್ಲಿ ಏಕೆ ಸುರಿದರು?

ಅಮೆರಿಕದ ವಾಹಿನಿಗಳಿಗೆ ಮೇ ತಿಂಗಳು ‘ಸ್ವೀಪ್ಸ್’. ನವೆಂಬರ್, ಫೆಬ್ರುವರಿ, ಮೇ ತಿಂಗಳುಗಳಲ್ಲಿ ಅಳೆದ ವೀಕ್ಷಕರ ಸಂಖ್ಯೆಯ ಮೇಲೆ ಸ್ಥಳೀಯ ಜಾಹೀರಾತಿನ ದರ ನಿಲ್ಲುತ್ತಿತ್ತು. ಹಾಗಾಗಿ ದೊಡ್ಡ ಪೆಟ್ಟುಗಳೆಲ್ಲ ಆಗಲೇ. ಮೇ 7ಕ್ಕೆ ಇದು, 14ಕ್ಕೆ ‘ವಿಲನ್ಸ್’, 21ಕ್ಕೆ ಕೊನೆಯ ಎರಡು ಕಂತು ಒಟ್ಟಿಗೆ. ಆಗ ನೋಡಿದವರು ಒಂದೊಂದು ಕಂತಿನ ನಡುವೆ ವಾರವಿಡೀ ಅದನ್ನೇ ಹೊತ್ತು ತಿರುಗಿದರು. ಈಗ ಒಂದೇ ಸಂಜೆಯಲ್ಲಿ ಮುಗಿಸುವವರಿಗೆ ವಿಲೋಳ ಪತನ ತೀರಾ ಅವಸರದ್ದೆನಿಸಿದರೆ ಅದಕ್ಕೆ ಇದೂ ಒಂದು ಕಾರಣ. 19 ಆದ ಮೇಲೆ ಒಂದು ದಿನವಾದರೂ ಬಿಡುವು ಕೊಡಿ.

10. ಇದರಿಂದ ಮುಂದೆ ಯಾರಾದರೂ ಪಾಠ ಕಲಿತರೇ?

ಕಲಿಯಲು 14 ವರ್ಷ ಹಿಡಿಯಿತು. 2016ರ ಮಾರ್ಚ್ 3ರಂದು ‘ದ ಹಂಡ್ರೆಡ್’ ಎಂಬ ವೈಜ್ಞಾನಿಕ ಸರಣಿಯಲ್ಲಿ ಲೆಕ್ಸಾ ಎಂಬ ನಾಯಕಿ, ತನ್ನ ಪ್ರೇಯಸಿಯೊಂದಿಗೆ ಹಾಸಿಗೆಯಿಂದೆದ್ದ ಸ್ವಲ್ಪ ಹೊತ್ತಿಗೇ, ಬೇರೆಯವರಿಗೆ ಗುರಿಯಿಟ್ಟ ಗುಂಡಿಗೆ ಸತ್ತಳು. ಅದೇ ಅಚ್ಚು. ಆದರೆ ಈ ಸಲ ಅಭಿಮಾನಿಗಳು ಸಿಟ್ಟನ್ನು ಸಂಘಟಿಸಿದರು. ಸಲಿಂಗಿ ಹದಿಹರೆಯದವರ ಆತ್ಮಹತ್ಯೆ ತಡೆಗೆ ದುಡಿಯುವ ದ ಟ್ರೆವರ್ ಪ್ರಾಜೆಕ್ಟ್‌ಗೆ ಹಣ ಕೂಡಿಸಿದರು. ಸರಣಿಯ ಮುಖ್ಯಸ್ಥ ಜೇಸನ್ ರಾಥೆನ್‌ಬರ್ಗ್ ಬಹಿರಂಗವಾಗಿ ಕ್ಷಮೆ ಕೇಳಿದರು. ಸಲಿಂಗಿ ಪಾತ್ರಗಳನ್ನು ಗೌರವದಿಂದ ಬರೆಯುತ್ತೇವೆಂಬ ‘ಲೆಕ್ಸಾ ಪ್ರತಿಜ್ಞೆ’ಗೆ ಕೆಲವು ಬರಹಗಾರರು ಸಹಿ ಹಾಕಿದರು. 2017ರಲ್ಲಿ ಲಾಸ್ ವೇಗಸ್‌ನಲ್ಲಿ ಕ್ಲೆಕ್ಸಾಕಾನ್ ಎಂಬ ಸಮಾವೇಶವೇ ಶುರುವಾಯಿತು. ಟಾರಾಳ ಅಭಿಮಾನಿಗಳು 2002ರಲ್ಲಿ ಬರೆದಿಟ್ಟ ವಾದಗಳು ಆಗ ಬಂಡವಾಳವಾಗಿ ಸಿಕ್ಕವು.

11. ಯಾವ ಪ್ರತಿಯಲ್ಲಿ ನೋಡಬೇಕು? ಚಿತ್ರ ಏನೋ ವಿಚಿತ್ರ ಕಾಣುತ್ತದೆ.

ಚೌಕಾಕಾರದ, ಅಂದರೆ 4:3ರ ಪ್ರತಿಯಲ್ಲೇ ನೋಡಿ. ಮೊದಲ ಎರಡು ಸೀಸನ್ 16 ಮಿಲಿಮೀಟರ್ ಫಿಲ್ಮ್, 3ರಿಂದ 35 ಮಿಲಿಮೀಟರ್. ಚೌಕಟ್ಟು ಹಾಕಿದ್ದು ಮಾತ್ರ ಹಳೆಯ ಟಿವಿಗೆ. 2014ರಲ್ಲಿ ಎಚ್‌ಡಿಗೆ ತಂದಾಗ ಅಗಲ ಪರದೆಗೆ ಹಿಗ್ಗಿಸಲು ಕೆಲವೆಡೆ ಬದಿಗಳನ್ನು ತೆರೆದರು. ಆಗ ಅಂಚಿನಲ್ಲಿ ನಿಂತ ತಂತ್ರಜ್ಞರು, ದೀಪಗಳು ಕಂಡವು. ಇನ್ನು ಕೆಲವೆಡೆ ಮೇಲೆ ಕೆಳಗೆ ಕತ್ತರಿಸಿದರು, ಹತ್ತಿರದ ಮುಖಗಳ ಹಣೆ ಹೋಯಿತು. ಹಗಲಲ್ಲಿ ತೆಗೆದು ಬಣ್ಣ ತಿದ್ದಿ ರಾತ್ರಿಯಾಗಿಸಿದ್ದ ದೃಶ್ಯಗಳಿಗೆ ಆ ತಿದ್ದುಪಡಿ ಮತ್ತೆ ಮಾಡದೆ, ವ್ಯಾಂಪೈರ್‌ಗಳು ನಡುಹಗಲಲ್ಲಿ ಓಡಾಡುವಂತಾಯಿತು. ಫಿಲ್ಮಿನ ಸಣ್ಣ ಚುಕ್ಕೆಗಳನ್ನು (ಗ್ರೇನ್) ತೆಗೆಯಲು ಉಜ್ಜಿದ್ದರಿಂದ ಮುಖಗಳು ಮೇಣದಂತಾದವು.

ಪರದೆಯ ಎಡಬಲಕ್ಕೆ ಕಪ್ಪು ಪಟ್ಟಿ ಇದ್ದರೆ ಸರಿಯಾದ ಪ್ರತಿ. ಪಟ್ಟಿ ಹೋಗಲಿ ಎಂದು ಟಿವಿಯಲ್ಲಿ ಜೂಮ್ ಅಥವಾ ಸ್ಟ್ರೆಚ್ ಇಡಬೇಡಿ. ಡಿವಿಡಿ ಕೊಳ್ಳುವುದಾದರೆ ಅಮೆರಿಕದ್ದು ಒಳ್ಳೆಯದು, ಆದರೆ ಅದು ರೀಜನ್ 1. ಭಾರತದ ಪ್ಲೇಯರ್‌ಗಳು ರೀಜನ್ 5, ಹಾಗಾಗಿ ಎಲ್ಲ ರೀಜನ್ ಓದುವ ಪ್ಲೇಯರ್ ಬೇಕು. ಬ್ರಿಟನ್ನಿನ ಡಿವಿಡಿಗಳು 4ನೇ ಸೀಸನ್ನಿನಿಂದ ಅಗಲ ಪರದೆಯವು. ಅಲ್ಲಿನ ಟಿವಿಯ ಪಾಲ್ ಪದ್ಧತಿಯಿಂದಾಗಿ ಶೇಕಡಾ 4ರಷ್ಟು ವೇಗವಾಗಿಯೂ ಓಡುತ್ತವೆ, 43 ನಿಮಿಷದ ಕಂತು ಒಂದೂಮುಕ್ಕಾಲು ನಿಮಿಷದಷ್ಟು ಬೇಗ ಮುಗಿಯುತ್ತದೆ.

12. ಗೊತ್ತಿಲ್ಲದವರಿಗೆ ತೋರಿಸುವಾಗ ಗುಟ್ಟು ಉಳಿಸುವುದು ಹೇಗೆ?

ಕಂತಿನ ಸಾರಾಂಶ ಓದಲು ಬಿಡಬೇಡಿ, ಪಾತ್ರಗಳ ಹೆಸರು ಹುಡುಕಲೂ ಬಿಡಬೇಡಿ. ಹೆಸರು ಅರ್ಧ ಬರೆಯುವಷ್ಟರಲ್ಲೇ ‘ಸಾವು’ ಎಂದು ಹುಡುಕುಪಟ್ಟಿಯೇ ತುಂಬಿಕೊಡುತ್ತದೆ. 20ರ ಆರಂಭದ ಹಿಂದಿನ ಕಥೆಯ ತುಣುಕಿನಲ್ಲಿ ಎಲ್ಲವೂ ಬರುವುದರಿಂದ 19ರ ನಂತರ ತಾನಾಗಿ ಮುಂದಿನ ಕಂತು ಶುರುವಾಗುವುದನ್ನು ಆಫ್ ಮಾಡಿಡಿ, ಮೌನಕ್ಕೂ ಜಾಗ ಸಿಗುತ್ತದೆ. ಆದರೆ ದೌರ್ಜನ್ಯದ ದೃಶ್ಯದ ವಿಷಯ ಗುಟ್ಟಿನ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಮೊದಲೇ ಹೇಳಲೇಬೇಕು.

13. ನೋಡಿದ ಮೇಲೆ ಮನಸ್ಸು ತುಂಬಾ ಭಾರವಾಗಿದೆ. ಕಥೆಗೆ ಇಷ್ಟು ದುಃಖಪಡುವುದು ಸರಿಯೇ?

ಸರಿ. ಅದರಲ್ಲೂ ತನ್ನ ಪ್ರೀತಿಯನ್ನು ಮನೆಯಲ್ಲಿ ಹೇಳಲಾಗದೆ ಟಾರಾಳಲ್ಲಿ ತನ್ನನ್ನು ಕಂಡವರಿಗೆ ಇದು ಬರೀ ಕಥೆಯಲ್ಲ. ಈ ಕಂತು ಬಂದಾಗ ಭಾರತದಲ್ಲಿ 377ನೇ ಕಲಮು ಅಂಥ ಪ್ರೀತಿಯನ್ನು ಅಪರಾಧವಾಗಿಟ್ಟಿತ್ತು. ವಯಸ್ಕರ ಒಪ್ಪಿತ ಸಂಬಂಧವನ್ನು ಸುಪ್ರೀಂ ಕೋರ್ಟ್ ಅದರಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ನಂಬಿಕೆಯ ಒಬ್ಬರೊಂದಿಗೆ ಮಾತಾಡಿ. ದಿನಗಳಾದರೂ ನಿದ್ದೆ, ಊಟ ಸರಿಹೋಗದಿದ್ದರೆ, ಬದುಕೇ ಬೇಡವೆನಿಸಿದರೆ, ಅಥವಾ ಸ್ನಾನದ ಕೋಣೆಯ ದೃಶ್ಯ ನಿಮ್ಮದೇ ಹಳೆಯ ನೋವನ್ನು ಕೆದಕಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಮುಂಚೂಣಿ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್.

14. ವೀಡನ್ ಬಗ್ಗೆ ಆಮೇಲೆ ಬಂದ ಆರೋಪಗಳಿಗೂ ಇದಕ್ಕೂ ಸಂಬಂಧವಿದೆಯೇ?

2021ರ ಫೆಬ್ರುವರಿಯಲ್ಲಿ ಕಾರ್ಡೀಲಿಯಾ ಪಾತ್ರದ ಕರಿಸ್ಮಾ ಕಾರ್ಪೆಂಟರ್ ತಮ್ಮನ್ನು ವೀಡನ್ ಕೆಟ್ಟದಾಗಿ ನಡೆಸಿಕೊಂಡರೆಂದು ಬರೆದರು. ಆಂಬರ್ ಬೆನ್ಸನ್ ಅವರ ಬೆನ್ನಿಗೆ ನಿಂತು, ಅಲ್ಲಿನ ವಾತಾವರಣವೇ ವಿಷಮಯವಾಗಿತ್ತು ಎಂದರು. ಟಾರಾಳ ಸಾವಿನ ನಿರ್ಧಾರಕ್ಕೆ ಅದನ್ನು ನೇರ ಜೋಡಿಸುವುದು ಸರಿಯಲ್ಲ. ಆದರೆ ಆ ವರ್ಷದ ನಂತರ ಈ ಕಂತನ್ನು ಮೊದಲಿನ ಕಣ್ಣಿನಿಂದ ನೋಡಲಾಗದವರು ಅನೇಕರಿದ್ದಾರೆ.

15. ಟಾರಾ ಮತ್ತೆ ಬರುತ್ತಾಳೆಯೇ?

ಸರಣಿಯಲ್ಲಿ ಇಲ್ಲ. 7ನೇ ಸೀಸನ್ನಿನಲ್ಲಿ ಸತ್ತವರ ರೂಪ ತಾಳುವ ಮೂಲ ದುಷ್ಟಶಕ್ತಿ ವಿಲೋಳ ಬಳಿ ಬರುವ 7ನೇ ಕಂತಿನಲ್ಲೂ ಬೆನ್ಸನ್ ಕಾಣಿಸಿಕೊಳ್ಳಲಿಲ್ಲ, ಟಾರಾಳ ಪರವಾಗಿ ಬಂದೆನೆಂದು ಬೇರೊಬ್ಬ ಹುಡುಗಿಯ ರೂಪ ಮಾತಾಡುತ್ತದೆ. ಟಾರಾಳ ಮುಖವನ್ನು ಕೆಡುಕಿಗೆ ಬಳಸದೆ ಉಳಿದದ್ದು ಅಭಿಮಾನಿಗಳಿಗೆ ಸಮಾಧಾನವೇ ಆಯಿತು. 2023ರ ಅಕ್ಟೋಬರ್‌ನಲ್ಲಿ ಆಡಿಬಲ್‌ನ ಧ್ವನಿ ಸರಣಿ ‘ಸ್ಲೇಯರ್ಸ್’ ಬಂದಾಗ, ಕ್ರಿಸ್ಟಫರ್ ಗೋಲ್ಡನ್ ಜೊತೆಗೂಡಿ ಅದನ್ನು ಬರೆದವರೂ ಬೆನ್ಸನ್ನರೇ, ಬೇರೊಂದು ಲೋಕದ ಟಾರಾಳಿಗೆ ದನಿ ಕೊಟ್ಟವರೂ ಅವರೇ.

ಟಾರಾಳಿಗೆ ಸರಿಯಾದ ವಿದಾಯ ಬೇಕೆನ್ನುವವರು 7ನೇ ಸೀಸನ್ನಿನ 4ನೇ ಕಂತು ‘ಹೆಲ್ಪ್’ ನೋಡಿ. ವಿಲೋ ಟಾರಾಳ ಗೋರಿಯ ಬಳಿ ಹೋಗುತ್ತಾಳೆ. ಅವಳು ಯಹೂದಿ ಮನೆತನದವಳು, ಹೂವಿನ ಬದಲು ಸಣ್ಣ ಕಲ್ಲುಗಳನ್ನು ಇಡುತ್ತಾಳೆ.